ಆಗಸದಿಂದ ಬಂದ ಪಾಠ

ತೊಗರಿ ಜೋಳಗಳನ್ನು ಬೆಳೆಯುವ ಕರಿಮಣ್ಣು, ಶಹಾಬಾದಿನ ಹಾಸುಗಲ್ಲು, ವಾಡಿಯ ಸಿಮೆಂಟು — ಗುಂಡಗುರ್ತಿಯ ಸುತ್ತಣ ಸೀಮೆ ಹೆಸರಾಗಿರುವುದು ನೆಲದ ಸಂಪತ್ತಿನಿಂದ. ಮಳಖೇಡದಿಂದ ಆಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಅಂತಹ ಹಿರಿಮೆಯುಳ್ಳ ನಾಡು ಅನಂತರ ವಿದ್ಯಾಭ್ಯಾಸದಲ್ಲಿ ಬಹುಕಾಲ ಹಿಂದುಳಿಯಿತೆಂಬುದನ್ನು ಮರೆಮಾಚಲಾಗದು. ಆದರೆ ಉಪಗ್ರಹದ ಮೂಲಕ ಹಳ್ಳಿಯ ಮಕ್ಕಳಿಗೆ ಪಾಠವನ್ನು ಕಳುಹಿಸುವ ಪ್ರಯತ್ನವು ಭಾರತದಲ್ಲಿ ಮೊತ್ತಮೊದಲು ನಡೆದಾಗ, ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದುದು ಬೆಂಗಳೂರಲ್ಲ. ಗುಲಬರ್ಗಾ, ರಾಯಚೂರು ಮತ್ತು ವಿಜಾಪುರ ಜಿಲ್ಲೆಗಳು.

ಇದರ ಮೂಲ ಕಲ್ಪನೆ ಡಾ. ವಿಕ್ರಮ್ ಸಾರಾಭಾಯಿಯವರದು. ಬಡ ದೇಶಕ್ಕೆ ಬಾಹ್ಯಾಕಾಶದ ಗೊಡವೆ ಏಕೆಂದು ಹಲವರು ಕೇಳುತ್ತಿದ್ದ ದಿನಗಳಲ್ಲಿ, ಬಡ ದೇಶದ ಹಳ್ಳಿಗಳಿಗೇ ಅದರ ಉಪಯೋಗ ಹೆಚ್ಚೆಂದು ಅವರು ನಂಬಿದ್ದರು. 1969ರಲ್ಲಿ ಭಾರತಕ್ಕೂ ಅಮೆರಿಕದ ‘ನಾಸಾ’ ಸಂಸ್ಥೆಗೂ ಒಪ್ಪಂದವಾಯಿತು. ಫಲವನ್ನು ಕಾಣಲು ಸಾರಾಭಾಯಿಯವರು ಉಳಿಯಲಿಲ್ಲ. 1971ರ ಡಿಸೆಂಬರಿನಲ್ಲಿ ತೀರಿಕೊಂಡರು. 1974ರ ಮೇ 30ರಂದು ಅಮೆರಿಕ ಹಾರಿಸಿದ ಎ.ಟಿ.ಎಸ್.-6 ಉಪಗ್ರಹವನ್ನು ಮರುವರ್ಷ ಪೂರ್ವ ಆಫ್ರಿಕದ ಮೇಲಕ್ಕೆ ಸರಿಸಲಾಯಿತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಈ ಪ್ರಯೋಗ ನಡೆಯಿತು. ‘ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ’ ಎಂಬ ಉದ್ದನೆಯ ಹೆಸರಿಗಿಂತ ‘ಸೈಟ್’ ಎಂಬ ಚಿಕ್ಕ ಹೆಸರೇ ಬಳಕೆಗೆ ಬಂದಿತು.

ಸಮಭಾಜಕದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಪೂರ್ವಾಭಿಮುಖವಾಗಿ ಸುತ್ತುವ ಉಪಗ್ರಹವು ಭೂಮಿ ತನ್ನ ಅಕ್ಷದ ಮೇಲೆ ಒಮ್ಮೆ ತಿರುಗುವಷ್ಟು ಕಾಲದಲ್ಲಿಯೇ ಒಂದು ಸುತ್ತನ್ನು ಮುಗಿಸುತ್ತದೆ. ಆದುದರಿಂದ ನೆಲದ ಮೇಲೆ ನಿಂತವನಿಗೆ ಅದು ಆಕಾಶದ ಒಂದೇ ಬಿಂದುವಿನಲ್ಲಿ ನೆಟ್ಟಂತೆ ಇರುತ್ತದೆ. ಆಂಟೆನಾವನ್ನು ಒಮ್ಮೆ ಗುರಿಯಿಟ್ಟು ನಿಲ್ಲಿಸಿದರೆ ಸಾಕು, ಮತ್ತೆ ತಿರುಗಿಸಬೇಕಾಗಿಲ್ಲ. ಈ ಸೀಮೆಯಿಂದ ನೋಡಿದರೆ ಆ ಬಿಂದು ಪಶ್ಚಿಮದಿಂದ ತುಸು ದಕ್ಷಿಣಕ್ಕೆ, ದಿಗಂತದಿಂದ 40 ಡಿಗ್ರಿಗೆ ಸ್ವಲ್ಪ ಕಡಿಮೆ ಎತ್ತರದಲ್ಲಿತ್ತು. ಹಳ್ಳಿಯಲ್ಲಿ ನಿಲ್ಲಿಸಿದ ಆಂಟೆನಾವಾದರೂ ದುಬಾರಿಯಾದುದಲ್ಲ: ಕೋಳಿಗೂಡಿಗೆ ಬಳಸುವಂತಹ ತಂತಿಬಲೆಯನ್ನು ಹೊದಿಸಿದ, ಮೂರು ಮೀಟರ್ ಅಗಲದ ಒಂದು ಬೋಗುಣಿ. ವಿದ್ಯುತ್ತು ಬಾರದ ಕೆಲವು ಹಳ್ಳಿಗಳಲ್ಲಿ ಟಿ.ವಿ. ಪೆಟ್ಟಿಗೆ ಬ್ಯಾಟರಿಯಿಂದ ನಡೆಯಿತು.

ಬೆಳಗಿನ ಒಂದೂವರೆ ಗಂಟೆ ಮಕ್ಕಳದು. ನಾಲ್ಕು ಭಾಷೆಗಳು ಅದನ್ನು ಹಂಚಿಕೊಂಡುದರಿಂದ ಕನ್ನಡಕ್ಕೆ ಸಿಕ್ಕಿದುದು ದಿನಕ್ಕೆ ಇಪ್ಪತ್ತೆರಡೂವರೆ ನಿಮಿಷ ಮಾತ್ರ. ಸಂಜೆ ಹಿರಿಯರಿಗಾಗಿ ಬೇಸಾಯ, ಆರೋಗ್ಯ, ಕುಟುಂಬ ಯೋಜನೆಗಳ ಕಾರ್ಯಕ್ರಮಗಳು ಬರುತ್ತಿದ್ದುವು. ದೂರದರ್ಶನದ ಕನ್ನಡ ಕಾರ್ಯಕ್ರಮಗಳು ಸಿದ್ಧವಾಗುತ್ತಿದ್ದುದು ಹೈದರಾಬಾದಿನಲ್ಲಿ. ರಾಜ್ಯದ ರಾಜಧಾನಿಗೇ ಇನ್ನೂ ದೂರದರ್ಶನ ಬಂದಿರದಿದ್ದ ಕಾಲದಲ್ಲಿ ಹಳ್ಳಿಯ ಮಕ್ಕಳು ಅದನ್ನು ನೋಡುತ್ತಿದ್ದರೆಂಬುದು ವಿಚಿತ್ರವಾದರೂ ಸತ್ಯ.

ಆದರೆ ಟಿ.ವಿ. ಪೆಟ್ಟಿಗೆಯನ್ನು ಇಟ್ಟ ಮಾತ್ರಕ್ಕೆ ಪಾಠ ನಡೆದಂತಾಗುವುದೆ? ಪರದೆಯ ಮೇಲಿನ ಪ್ರಯೋಗವನ್ನು ಕಂಡು ಮಗು ‘ಏಕೆ?’ ಎಂದರೆ ಉತ್ತರಿಸಲು ಪರದೆಗೆ ಬಾರದು. ಯೋಜಕರು ಇದನ್ನು ಚೆನ್ನಾಗಿ ಅರಿತಿದ್ದರು. ಆದುದರಿಂದಲೇ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಹನ್ನೆರಡು ದಿನಗಳ ವಿಜ್ಞಾನ ತರಬೇತಿಯನ್ನು ಇದೇ ಉಪಗ್ರಹದ ಮೂಲಕ ಏರ್ಪಡಿಸಿದರು. ದೂರದರ್ಶನ, ಬಾನುಲಿ, ಮುದ್ರಿತ ಪಾಠಗಳು ಮತ್ತು ಕೈಯಾರೆ ಮಾಡುವ ಪ್ರಯೋಗಗಳು ಇದರಲ್ಲಿ ಒಟ್ಟುಗೂಡಿದ್ದುವು. ಆರು ರಾಜ್ಯಗಳಿಂದ ಸುಮಾರು 50,000 ಶಿಕ್ಷಕರು ಇದರ ಪ್ರಯೋಜನ ಪಡೆದರು. ಸೈಟಿನ ಕೆಲಸಗಳಲ್ಲೆಲ್ಲ ಇದನ್ನೇ ಶ್ರೇಷ್ಠವೆನ್ನಬೇಕು. ಕಾರ್ಯಕ್ರಮಗಳನ್ನು ನೋಡಿದ ಮಕ್ಕಳ ಭಾಷೆ ಬೆಳೆಯಿತೆಂದೂ, ಪರೀಕ್ಷೆಯ ಅಂಕಗಳಲ್ಲಿ ಮಾತ್ರ ಹೇಳಿಕೊಳ್ಳುವಂತಹ ಏರಿಕೆ ಕಾಣಲಿಲ್ಲವೆಂದೂ ಬಳಿಕ ನಡೆದ ಅಧ್ಯಯನಗಳು ತಿಳಿಸಿದುವು.

ಎರವಲು ತಂದ ಉಪಗ್ರಹ ಎಷ್ಟು ದಿನ ಇದ್ದೀತು? ಗಡುವು ಮುಗಿಯುತ್ತಲೇ ಅಮೆರಿಕ ಅದನ್ನು ಪಶ್ಚಿಮಕ್ಕೆ ಸರಿಸಿಕೊಂಡಿತು. 1977ರಲ್ಲಿ ಗುಲಬರ್ಗಾದಲ್ಲಿ ದೂರದರ್ಶನದ ಪ್ರೇಷಕ ಸ್ಥಾಪನೆಯಾದುದರಿಂದ ಅದರ ವ್ಯಾಪ್ತಿಯ ಹಳ್ಳಿಗಳಿಗೆ ಕಾರ್ಯಕ್ರಮಗಳು ಮತ್ತೆ ದೊರೆತುವು. ದೂರದ ಹಳ್ಳಿಗಳು ಕಾಯಬೇಕಾಯಿತು. ಶಿಕ್ಷಣಕ್ಕೆಂದೇ ಮೀಸಲಾದ ಸ್ವಂತ ಉಪಗ್ರಹ ‘ಎಜುಸ್ಯಾಟ್’ ಶ್ರೀಹರಿಕೋಟದಿಂದ ಮೇಲೇರಿದುದು 2004ರ ಸೆಪ್ಟೆಂಬರ್ 20ರಂದು.

ಈ ನಡುವೆ 1984ರಲ್ಲಿ ಗುಲಬರ್ಗಾ ನಗರದಲ್ಲಿ ಜಿಲ್ಲಾ ವಿಜ್ಞಾನ ಕೇಂದ್ರವು ಆರಂಭವಾಯಿತು. ಪುಸ್ತಕದಲ್ಲಿ ಓದಿದ ತತ್ತ್ವಗಳನ್ನು ವಿದ್ಯಾರ್ಥಿಗಳು ಅಲ್ಲಿ ಕೈಯಿಂದ ಮುಟ್ಟಿ, ತಿರುಗಿಸಿ, ಪರೀಕ್ಷಿಸಬಹುದು.

2019ರಲ್ಲಿ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು ‘ಯುವ ವಿಜ್ಞಾನಿ ಕಾರ್ಯಕ್ರಮ’ವನ್ನು ಪ್ರಾರಂಭಿಸಿತು. ‘ಯುವಿಕಾ’ ಎಂದು ಕರೆಯಲಾಗುವ ಇದು ಒಂಬತ್ತನೆಯ ತರಗತಿಯವರಿಗೆಂದೇ ಮೀಸಲು. ಆಯ್ಕೆಯಾದವರು ಸಂಸ್ಥೆಯ ಕೇಂದ್ರವೊಂದರಲ್ಲಿ ಸುಮಾರು ಎರಡು ವಾರ ಇದ್ದು, ವಿಜ್ಞಾನಿಗಳ ಉಪನ್ಯಾಸಗಳನ್ನು ಕೇಳಿ, ಪ್ರಯೋಗಶಾಲೆಗಳನ್ನು ನೋಡುತ್ತಾರೆ. ಉಡುಪಿ ಸೀಮೆಯಲ್ಲಿ ಹುಟ್ಟಿ ‘ಆರ್ಯಭಟ’ದ ನಿರ್ಮಾಣವನ್ನು ಮುನ್ನಡೆಸಿದ ಪ್ರೊ. ಯು.ಆರ್. ರಾವ್ ಅವರ ಹೆಸರಿನ ಬೆಂಗಳೂರಿನ ಕೇಂದ್ರವೂ ಇವುಗಳಲ್ಲೊಂದು. ಎಂಟನೆಯ ತರಗತಿಯ ಅಂಕಗಳು, ರಸಪ್ರಶ್ನೆ, ವಿಜ್ಞಾನ ಮೇಳದಲ್ಲಿ ಭಾಗವಹಿಸಿದ ಅನುಭವ ಇವು ಗಣನೆಗೆ ಬರುತ್ತವೆ. ಹಳ್ಳಿಯ ಶಾಲೆಯಲ್ಲಿ ಓದುವವರಿಗೆ ಹೆಚ್ಚಿನ ಅಂಕಗಳುಂಟು. ಪ್ರಕಟಣೆ ಹೊರಬಿದ್ದ ಬಳಿಕ ಅರ್ಜಿ ಸಲ್ಲಿಸಲು ಕೆಲವೇ ವಾರಗಳ ಅವಧಿ ಇರುತ್ತದೆ. ವಿದ್ಯಾರ್ಥಿಯ ಪ್ರಮಾಣಪತ್ರಗಳಿಗೆ ಅವನ ಶಾಲೆಯ ಮುಖ್ಯೋಪಾಧ್ಯಾಯರ ಸಹಿ ಬೇಕು.