ಯಶದ, ಇನ್ಸುಲಿನ್ ಮತ್ತು ಕೆಂಪು ಬಣ್ಣದ ಸಾಕ್ಷಿ

ಯಶದ ಭಸ್ಮವನ್ನು ಸೇವಿಸಿದರೆ ಇನ್ಸುಲಿನ್ ಬಿಡಬಹುದೇ ಎಂದು ಮನ್ಮನೆಯ ಕಡೆಯ ಭಕ್ತರು ನಮ್ಮನ್ನು ಕೇಳುವುದುಂಟು. ಯಶದವೆಂದರೆ ಸತು. ಅಂಗಾಂಶದಲ್ಲಿ ಅದು ಎಲ್ಲಿದೆಯೆಂಬುದನ್ನು ಬಣ್ಣವೇರಿಸಿ ಕಾಣುವ ಕ್ರಮವಿದೆ. ಮೇದೋಜೀರಕ ಗ್ರಂಥಿಯ ಅಂಗಾಂಶಕ್ಕೆ ಡೈಥಿಜೋನ್ ಎಂಬ ರಾಸಾಯನಿಕವನ್ನು ಸೇರಿಸಿದಾಗ, ಇನ್ಸುಲಿನ್ ತಯಾರಿಸುವ ಜೀವಕೋಶಗಳ ಗುಂಪುಗಳು ಕೆಂಪೇರುತ್ತವೆ. ಸುತ್ತಲಿನ ಭಾಗ ಹಾಗೆ ಕೆಂಪಾಗದು. ಏಕೆಂದರೆ ಆ ಕೋಶಗಳಲ್ಲಿ 6 ಇನ್ಸುಲಿನ್ ಅಣುಗಳು 2 ಸತುವಿನ ಅಯಾನುಗಳ ಆಧಾರದಿಂದ ಗುಚ್ಛವಾಗಿ ಸಂಗ್ರಹಗೊಂಡಿರುತ್ತವೆ.

ಆದರೆ ಈ ಕೆಂಪು ತೋರಿಸುವುದು ಸಂಗ್ರಹವನ್ನೇ ಹೊರತು ಚಿಕಿತ್ಸೆಯನ್ನಲ್ಲ. ಕೋಶಗಳೇ ನಾಶವಾದ ಮೇಲೆ ಸತುವು ಇನ್ಸುಲಿನ್ನನ್ನು ಹುಟ್ಟಿಸಲಾರದು. ಪ್ರಮೇಹಕ್ಕೆ ಯಶದ ಭಸ್ಮವನ್ನು ನಮ್ಮ ಶಾಸ್ತ್ರವು ಹೇಳಿದೆ, ನಿಜ. ಅದನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು. ಇನ್ಸುಲಿನ್ನನ್ನು ತಾವಾಗಿಯೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ.