ಗರ್ಭಿಣಿಗೆ ಸಣ್ಣ ಆಸ್ಪಿರಿನ್: ಒಂದು ಮಾತ್ರೆ, ಎರಡು ಪ್ರಶ್ನೆಗಳು

ನಮ್ಮಲ್ಲಿ ಹಿಂದೆ ಬಿ.ಎಸ್‌ಸಿ. ಓದಿದ್ದ ವಿದ್ಯಾರ್ಥಿನಿಯೊಬ್ಬಳು ಕೆಲವು ಕಾಲದ ಹಿಂದೆ ಕಾಲೇಜಿಗೆ ಬಂದಿದ್ದಳು. ಮದುವೆಯಾಗಿ ಎಂಟು ವರ್ಷಗಳ ಮೇಲೆ, ಪ್ರನಾಳ ಶಿಶು ಚಿಕಿತ್ಸೆಯ ಫಲವಾಗಿ ಆಕೆ ಗರ್ಭಿಣಿಯಾಗಿದ್ದಳು. ಅದು ಚೊಚ್ಚಲ ಬಸಿರು. ಆಕೆಯ ಕೈಯಲ್ಲಿ ಮೂರು ಔಷಧದ ಚೀಟಿಗಳಿದ್ದವು. ಚಿಕಿತ್ಸೆಯ ಸಮಯದಲ್ಲಿ ವೈದ್ಯರೊಬ್ಬರು ದಿನಕ್ಕೊಂದು ಸಣ್ಣ ಆಸ್ಪಿರಿನ್ ಮಾತ್ರೆಯನ್ನು ಬರೆದುಕೊಟ್ಟಿದ್ದರು. ಎರಡನೆಯವರು ಅದರ ಅಗತ್ಯವಿಲ್ಲವೆಂದು ನಿಲ್ಲಿಸಿದ್ದರು. ಹನ್ನೆರಡು ವಾರ ತುಂಬಿದಾಗ ಮೂರನೆಯವರು ಅದೇ ಮಾತ್ರೆಯನ್ನು ಮತ್ತೆ ಆರಂಭಿಸಬೇಕೆಂದು ಹೇಳಿದ್ದರು. "ಸಾರ್, ಇವರಲ್ಲಿ ಯಾರ ಮಾತು ಸರಿ? ಎಂಟು ವರ್ಷ ಕಾದ ಮೇಲೆ ಒಂದು ಮಾತ್ರೆಯಿಂದ ತಪ್ಪಾಗಬಾರದಲ್ಲ" ಎಂದಳು.

ಔಷಧದ ವಿಷಯದಲ್ಲಿ ತೀರ್ಪು ಕೊಡುವ ಅಧಿಕಾರ ಭೌತಶಾಸ್ತ್ರದ ಅಧ್ಯಾಪಕರಾದ ನಮಗಿಲ್ಲ. ವೈದ್ಯರನ್ನು ಕೇಳದೆ ಮಾತ್ರೆಯನ್ನು ತೊಡಗಲೂ ಬಾರದು, ಬಿಡಲೂ ಬಾರದು ಎಂದಷ್ಟೇ ಆಗ ಹೇಳಿದೆವು. ಆದರೆ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ಓದಿ ನೋಡಿದಾಗ, ಮೂರು ಚೀಟಿಗಳೂ ಒಂದೇ ಪ್ರಶ್ನೆಗೆ ಬರೆದ ಉತ್ತರಗಳಲ್ಲವೆಂದು ತಿಳಿದುಬಂದಿತು. "ಗರ್ಭ ನಿಲ್ಲಲು ಆಸ್ಪಿರಿನ್ ಸಹಾಯಮಾಡುವುದೇ?" ಎಂಬುದು ಒಂದು ಪ್ರಶ್ನೆ. "ನಿಂತ ಗರ್ಭಕ್ಕೆ ಮುಂದೆ ಬರಬಹುದಾದ ಅಪಾಯವನ್ನು ಅದು ತಡೆಯುವುದೇ?" ಎಂಬುದು ಇನ್ನೊಂದು. ಇವೆರಡನ್ನೂ ಬೇರೆಬೇರೆಯಾಗಿ ವಿಚಾರಮಾಡೋಣ.

ಮಾತ್ರೆ ಮಾಡುವ ಕೆಲಸ

ಜರ್ಮನಿಯ ಬಾಯರ್ ಸಂಸ್ಥೆಯಲ್ಲಿ 1897ರಲ್ಲಿ ಫೆಲಿಕ್ಸ್ ಹಾಫ್‌ಮನ್ ಎಂಬ ರಸಾಯನಶಾಸ್ತ್ರಜ್ಞನು ಶುದ್ಧವಾದ ಅಸಿಟೈಲ್ ಸ್ಯಾಲಿಸಿಲಿಕ್ ಆಮ್ಲವನ್ನು ತಯಾರಿಸಿದನು. 1899ರಲ್ಲಿ ಅದಕ್ಕೆ ಆಸ್ಪಿರಿನ್ ಎಂಬ ಹೆಸರು ಬಂದಿತು. ಜನರು ಜ್ವರಕ್ಕೂ ತಲೆನೋವಿಗೂ ಅದನ್ನು ನುಂಗುತ್ತಲೇ ಬಂದರು. ಅದು ಕೆಲಸಮಾಡುವ ಬಗೆ ಮಾತ್ರ ಎಪ್ಪತ್ತು ವರ್ಷಗಳವರೆಗೆ ತಿಳಿದಿರಲಿಲ್ಲ. ಪ್ರಾಸ್ಟಗ್ಲಾಂಡಿನ್ ಎಂಬ ವಸ್ತುಗಳ ಉತ್ಪತ್ತಿಯನ್ನು ಆಸ್ಪಿರಿನ್ ತಡೆಯುವುದೆಂದು 1971ರಲ್ಲಿ ಲಂಡನ್ನಿನ ಜಾನ್ ವೇನ್ ತೋರಿಸಿಕೊಟ್ಟರು. 1982ರ ನೊಬೆಲ್ ಪಾರಿತೋಷಿಕದಲ್ಲಿ ಅವರಿಗೂ ಪಾಲು ದೊರೆಯಿತು.

ಈ ವಸ್ತುಗಳ ಬಳಗಕ್ಕೆ ಸೇರಿದ ಎರಡು ನಮಗೆ ಇಲ್ಲಿ ಮುಖ್ಯ. ಮೊದಲನೆಯದು ಥ್ರಾಂಬೊಕ್ಸೇನ್. ಇದನ್ನು ರಕ್ತದಲ್ಲಿರುವ ಪ್ಲೇಟ್‌ಲೆಟ್ ಎಂಬ ಅತಿ ಸಣ್ಣ ಕಣಗಳು ತಯಾರಿಸುತ್ತವೆ. ಇದು ರಕ್ತನಾಳವನ್ನು ಸಂಕೋಚಗೊಳಿಸುತ್ತದೆ. ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟುವಂತೆ ಮಾಡುತ್ತದೆ. ಎರಡನೆಯದು ಪ್ರಾಸ್ಟಸೈಕ್ಲಿನ್. ರಕ್ತನಾಳದ ಒಳಗೋಡೆ ತಯಾರಿಸುವ ಈ ವಸ್ತುವಿನ ಕೆಲಸ ಇದಕ್ಕೆ ನೇರ ವಿರುದ್ಧ. ತಕ್ಕಡಿಯ ಎರಡು ತಟ್ಟೆಗಳಂತೆ ಇವು ಒಂದನ್ನೊಂದು ಸರಿದೂಗಿಸುತ್ತಿರುತ್ತವೆ.

ಎರಡನ್ನೂ ತಯಾರಿಸಲು ಬೇಕಾದ ಕಿಣ್ವವನ್ನು ಆಸ್ಪಿರಿನ್ ಕೆಡಿಸುತ್ತದೆ. ಹಾಗಾದರೆ ತಕ್ಕಡಿ ಇದ್ದಂತೆಯೇ ಇರಬೇಕಲ್ಲವೇ? ಇಲ್ಲ. ಗೋಡೆಯ ಜೀವಕೋಶಕ್ಕೆ ಕೋಶಕೇಂದ್ರವಿರುವುದರಿಂದ ಅದು ಹೊಸ ಕಿಣ್ವವನ್ನು ತಯಾರಿಸಿಕೊಳ್ಳಬಲ್ಲದು. ಪ್ಲೇಟ್‌ಲೆಟ್‌ಗೆ ಕೋಶಕೇಂದ್ರವಿಲ್ಲ, ಒಮ್ಮೆ ಕೆಟ್ಟ ಕಿಣ್ವ ಅದರ ಆಯುಷ್ಯ ಮುಗಿಯುವವರೆಗೂ, ಎಂದರೆ ಏಳರಿಂದ ಹತ್ತು ದಿನ, ಕೆಟ್ಟೇ ಇರುತ್ತದೆ. ಅಲ್ಲದೆ ಸಣ್ಣ ಪ್ರಮಾಣದ ಆಸ್ಪಿರಿನ್, ಕರುಳಿನಿಂದ ಯಕೃತ್ತಿಗೆ ಹೋಗುವ ದಾರಿಯಲ್ಲಿಯೇ ಅಲ್ಲಿ ಹರಿದುಹೋಗುವ ಪ್ಲೇಟ್‌ಲೆಟ್‌ಗಳನ್ನು ಮುಟ್ಟುತ್ತದೆ. ಆ ಬಳಿಕ ಅದರಲ್ಲಿ ಬಹುಭಾಗ ಯಕೃತ್ತಿನಲ್ಲಿ ಒಡೆದುಹೋಗುತ್ತದೆ. ಆದುದರಿಂದ ತಲೆನೋವಿಗೆ 300 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು ಬೇಕಾದರೆ, ತಕ್ಕಡಿಯನ್ನು ವಾಲಿಸಲು ದಿನಕ್ಕೆ 75ರಿಂದ 150 ಮಿಲಿಗ್ರಾಂ ಸಾಕು.

ಮೊದಲನೆಯ ಪ್ರಶ್ನೆ

ರಕ್ತ ಸರಾಗವಾಗಿ ಹರಿದರೆ ಗರ್ಭಕೋಶಕ್ಕೆ ಹೆಚ್ಚು ರಕ್ತ ದೊರೆತು, ಅಲ್ಲಿ ಇಟ್ಟ ಭ್ರೂಣ ಚೆನ್ನಾಗಿ ಬೇರೂರಬಹುದು ಎಂಬುದು ಸಹಜವಾದ ಊಹೆ. 1999ರಲ್ಲಿ ಅರ್ಜೆಂಟೀನದಲ್ಲಿ 298 ಮಂದಿ ಸ್ತ್ರೀಯರ ಮೇಲೆ ನಡೆದ ಪರೀಕ್ಷೆಯೊಂದು ಈ ಊಹೆಗೆ ಬಲ ಕೊಟ್ಟಿತು. ದಿನಕ್ಕೆ 100 ಮಿಲಿಗ್ರಾಂ ಆಸ್ಪಿರಿನ್ ಪಡೆದವರಲ್ಲಿ ನೂರಕ್ಕೆ 45 ಮಂದಿಯೂ, ಪಡೆಯದವರಲ್ಲಿ 28 ಮಂದಿಯೂ ಗರ್ಭಿಣಿಯರಾದರು. ಚಿಕಿತ್ಸಾಲಯಗಳಲ್ಲಿ ಈ ಮಾತ್ರೆ ಬೇಗನೆ ಬಳಕೆಗೆ ಬಂದಿತು.

ಆದರೆ ಪ್ರಯೋಗಶಾಲೆಯಲ್ಲಿ ಲೋಲಕದ ಆವರ್ತಕಾಲವನ್ನು ಒಂದೇ ಸಲ ಅಳೆದು ನಿಲ್ಲಿಸುವ ವಿದ್ಯಾರ್ಥಿಗೆ ನಾವು ಏನು ಹೇಳುತ್ತೇವೆ? ಮತ್ತೆ ಮತ್ತೆ ಅಳೆದು ನೋಡು ಎನ್ನುತ್ತೇವೆ. ಇಲ್ಲಿಯೂ ಹಾಗೆಯೇ ಆಯಿತು. ಬೇರೆ ಕಡೆಗಳಲ್ಲಿ ಪರೀಕ್ಷೆಗಳು ನಡೆದಂತೆಲ್ಲ ಆ ಲಾಭ ಕರಗುತ್ತ ಹೋಯಿತು. 2016ರಲ್ಲಿ ಕಾಕ್ರೇನ್ ಸಂಸ್ಥೆಯ ವಿದ್ವಾಂಸರು 13 ಪರೀಕ್ಷೆಗಳನ್ನು, ಒಟ್ಟು 2,653 ಸ್ತ್ರೀಯರ ವಿವರಗಳನ್ನು ಒಟ್ಟುಗೂಡಿಸಿ ನೋಡಿದಾಗ, ಪ್ರನಾಳ ಶಿಶು ಚಿಕಿತ್ಸೆ ಸಫಲವಾಗಲು ಆಸ್ಪಿರಿನ್ ನೆರವಾಗುವುದೆಂಬುದಕ್ಕೆ ಆಧಾರ ಕಂಡುಬರಲಿಲ್ಲ. ಎರಡನೆಯ ವೈದ್ಯರು ಮಾತ್ರೆಯನ್ನು ನಿಲ್ಲಿಸಿದ್ದಕ್ಕೆ ಕಾರಣ ಇದಿರಬೇಕು.

ನಲ್ಲಿಯ ನೀರು ಮತ್ತು ಸಸಿಮಡಿ

ಈಗ ಎರಡನೆಯ ಪ್ರಶ್ನೆ. ಗರ್ಭದ ಇಪ್ಪತ್ತು ವಾರಗಳಾದ ಮೇಲೆ ಕೆಲವರಿಗೆ ರಕ್ತದ ಒತ್ತಡ ಏರುತ್ತದೆ. ಮೂತ್ರದಲ್ಲಿ ಪ್ರೋಟೀನು ಕಾಣಿಸಿಕೊಳ್ಳುವುದುಂಟು. ಮೂತ್ರಪಿಂಡ, ಯಕೃತ್ತು, ಮಿದುಳುಗಳಿಗೆ ಪೆಟ್ಟು ಬೀಳಬಹುದು. ಈ ವ್ಯಾಧಿಗೆ ಪ್ರೀ-ಎಕ್ಲಾಂಪ್ಸಿಯ ಎಂದು ಹೆಸರು. ತಾಯಿ ಮಗು ಇಬ್ಬರ ಪ್ರಾಣಕ್ಕೂ ಇದು ಸಂಚಕಾರ. ಮಗುವನ್ನೂ ಮಾಸನ್ನೂ ಹೊರತೆಗೆಯುವುದರ ಹೊರತು ಇದಕ್ಕೆ ನಿಜವಾದ ಪರಿಹಾರವಿಲ್ಲ; ಆದುದರಿಂದ ದಿನ ತುಂಬುವ ಮೊದಲೇ ಎಷ್ಟೋ ಶಿಶುಗಳನ್ನು ಹೆರಿಗೆ ಮಾಡಿಸಬೇಕಾಗುತ್ತದೆ.

ಇದರ ಮೂಲ ಬಹುಮಟ್ಟಿಗೆ ಮಾಸಿನಲ್ಲಿದೆ. ಗರ್ಭಕೋಶದ ಗೋಡೆಯಲ್ಲಿ ಸುರುಳಿಯಾಕಾರದ ಕಿರಿದಾದ ಅಪಧಮನಿಗಳಿವೆ. ಮೊದಲ ಇಪ್ಪತ್ತು ವಾರಗಳಲ್ಲಿ ಮಾಸಿನ ಜೀವಕೋಶಗಳು ಅವುಗಳೊಳಗೆ ಹೊಕ್ಕು, ಅವುಗಳ ಬಾಯನ್ನು ಆಲಿಕೆಯಂತೆ ಅಗಲಮಾಡುತ್ತವೆ. ಇದರಿಂದ ಏನು ಪ್ರಯೋಜನ? ಇಲ್ಲಿ ನಮ್ಮ ಶಾಸ್ತ್ರ ನೆರವಿಗೆ ಬರುತ್ತದೆ. ತೋಟದ ನಲ್ಲಿಗೆ ಸಿಕ್ಕಿಸಿದ ಕೊಳವೆಯ ಬಾಯನ್ನು ಹೆಬ್ಬೆರಳಿನಿಂದ ಒತ್ತಿದರೆ ನೀರು ರಭಸದಿಂದ ಚಿಮ್ಮಿ ಸಸಿಮಡಿಯ ಮಣ್ಣನ್ನೆಲ್ಲ ಕೊಚ್ಚಿಹಾಕುತ್ತದೆ. ಬೆರಳನ್ನು ತೆಗೆದರೆ ಮೆಲ್ಲನೆ ಹರಿದು ಬೇರುಗಳನ್ನು ನೆನಸುತ್ತದೆ. ಒಂದು ಸೆಕೆಂಡಿಗೆ ಹರಿಯುವ ಮೊತ್ತ ಅಷ್ಟೇ ಇದ್ದಾಗ, ಕೊಳವೆಯ ಅಡ್ಡಕೊಯ್ತದ ವಿಸ್ತೀರ್ಣ ಹೆಚ್ಚಿದಷ್ಟೂ ವೇಗ ಕಡಿಮೆಯಾಗುವುದು. ತ್ರಿಜ್ಯ ಐದು ಮಡಿಯಾದರೆ ವಿಸ್ತೀರ್ಣ ಇಪ್ಪತ್ತೈದು ಮಡಿಯಾಗಿ, ವೇಗ ಇಪ್ಪತ್ತೈದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅಗಲವಾಗದ ಅಪಧಮನಿಯಿಂದ ರಕ್ತವು ಸೆಕೆಂಡಿಗೆ ಎರಡು ಮೂರು ಮೀಟರ್ ವೇಗದಲ್ಲಿ ಮಾಸಿಗೆ ಚಿಮ್ಮಬಹುದೆಂದೂ, ಅಗಲವಾದ ಮೇಲೆ ಅದು ಸುಮಾರು ಹತ್ತು ಸೆಂಟಿಮೀಟರಿಗೆ ಇಳಿಯುವುದೆಂದೂ ಶಾಸ್ತ್ರಜ್ಞರು ಲೆಕ್ಕಹಾಕಿದ್ದಾರೆ.

ಬಾಯಿ ಸರಿಯಾಗಿ ಅಗಲವಾಗದಿದ್ದರೆ ಮಾಸಿನ ಸೂಕ್ಷ್ಮ ಕವಲುಗಳಿಗೆ ರಭಸದ ಪೆಟ್ಟು ಬೀಳುತ್ತದೆ. ನೊಂದ ಮಾಸು ತಾಯಿಯ ರಕ್ತಕ್ಕೆ ಹಾನಿಕರ ವಸ್ತುಗಳನ್ನು ಬಿಡುತ್ತದೆ. ತಕ್ಕಡಿ ಥ್ರಾಂಬೊಕ್ಸೇನಿನ ಕಡೆಗೆ ವಾಲುತ್ತದೆ. ಸಣ್ಣ ಆಸ್ಪಿರಿನ್ ಇಲ್ಲಿ ಸಹಾಯಕ್ಕೆ ಬರುವುದು ಮುಖ್ಯವಾಗಿ ಈ ತಕ್ಕಡಿಯನ್ನು ಸರಿಪಡಿಸುವುದರಿಂದ ಎಂದು ವಿವರಿಸಲಾಗಿದೆ.

ಎರಡನೆಯ ಪ್ರಶ್ನೆಗೆ ಉತ್ತರ

ಈ ಉತ್ತರವೂ ಸುಲಭವಾಗಿ ದೊರೆಯಲಿಲ್ಲ. ಕ್ಲಾಸ್ಪ್ ಎಂಬ ದೊಡ್ಡ ಪರೀಕ್ಷೆಯ ಫಲಿತಾಂಶ 1994ರಲ್ಲಿ ಪ್ರಕಟವಾಯಿತು. ಅದರಲ್ಲಿ 9,364 ಗರ್ಭಿಣಿಯರಿದ್ದರು. ಔಷಧದ ಪ್ರಮಾಣ 60 ಮಿಲಿಗ್ರಾಂ. ನಂಬಲರ್ಹವಾದ ಲಾಭ ಕಾಣಲಿಲ್ಲ. ಆದರೆ 12ರಿಂದ 32 ವಾರಗಳವರೆಗೆ ಯಾವಾಗಲಾದರೂ ಸೇರಲು ಅಲ್ಲಿ ಅವಕಾಶವಿತ್ತು. ಕಾಲುವೆ ಕಟ್ಟಿ ಮುಗಿದ ಮೇಲೆ ಅದರ ಅಗಲವನ್ನು ತಿದ್ದಲು ಹೋದರೆ ಫಲವೇನು?

2017ರಲ್ಲಿ ಪ್ರಕಟವಾದ ಆಸ್ಪ್ರೆ ಎಂಬ ಪರೀಕ್ಷೆ ಈ ಪಾಠವನ್ನು ನೆನಪಿನಲ್ಲಿಟ್ಟಿತು. ಆರು ದೇಶಗಳ 13 ಹೆರಿಗೆ ಆಸ್ಪತ್ರೆಗಳಲ್ಲಿ, ಅಪಾಯ ಹೆಚ್ಚೆಂದು ಮೊದಲೇ ಗುರುತಿಸಿದ ಸ್ತ್ರೀಯರನ್ನು ಮಾತ್ರ ಆರಿಸಿದರು. ಒಂದು ಗುಂಪಿಗೆ 11ರಿಂದ 14ನೆಯ ವಾರದೊಳಗೆ ಆರಂಭಿಸಿ 36ನೆಯ ವಾರದವರೆಗೆ ಪ್ರತಿ ರಾತ್ರಿ 150 ಮಿಲಿಗ್ರಾಂ ಆಸ್ಪಿರಿನ್. ಇನ್ನೊಂದಕ್ಕೆ ಅದರಂತೆಯೇ ಕಾಣುವ ಹುಸಿಮಾತ್ರೆ. ಹುಸಿಮಾತ್ರೆಯ 822 ಮಂದಿಯಲ್ಲಿ 35 ಮಂದಿಗೆ, ಆಸ್ಪಿರಿನ್ ಪಡೆದ 798 ಮಂದಿಯಲ್ಲಿ 13 ಮಂದಿಗೆ, 37 ವಾರ ತುಂಬುವ ಮೊದಲೇ ಹೆರಿಗೆ ಮಾಡಿಸಬೇಕಾದಂಥ ಪ್ರೀ-ಎಕ್ಲಾಂಪ್ಸಿಯ ಬಂದಿತು.

ಈ ಅಂಕಿಗಳನ್ನು ನಿಧಾನವಾಗಿ ಓದಬೇಕು. ಸಾವಿರಕ್ಕೆ 43 ಇದ್ದುದು 16ಕ್ಕೆ ಇಳಿಯಿತು. ಎಂದರೆ ಸಾವಿರದಲ್ಲಿ 27 ಮಂದಿ ಉಳಿದುಕೊಂಡರು. ಸುಮಾರು 37 ಮಂದಿ ಮಾತ್ರೆಯನ್ನು ತೆಗೆದುಕೊಂಡರೆ ಒಬ್ಬಳಿಗೆ ಈ ಅಪಾಯ ತಪ್ಪುತ್ತದೆ. ಆ ಒಬ್ಬಳು ಯಾರೆಂದು ಮೊದಲೇ ಹೇಳಲು ಬರುವುದಿಲ್ಲ. ಮಾತ್ರೆ ತೆಗೆದುಕೊಂಡರೂ ಸಾವಿರಕ್ಕೆ 16 ಮಂದಿಗೆ ವ್ಯಾಧಿ ಬಂದೇ ಬಂದಿತೆಂಬುದನ್ನೂ ಮರೆಯಬಾರದು. ದಿನ ತುಂಬಿದ ಮೇಲೆ ಬರುವ ಪ್ರೀ-ಎಕ್ಲಾಂಪ್ಸಿಯವನ್ನಂತೂ ಆಸ್ಪಿರಿನ್ ಗಮನಾರ್ಹವಾಗಿ ತಗ್ಗಿಸಲಿಲ್ಲ.

ಯಾರಿಗೆ ಬೇಕು?

ಪ್ರನಾಳ ಶಿಶು ಚಿಕಿತ್ಸೆಯಿಂದಾದ ಗರ್ಭದಲ್ಲಿ ಈ ವ್ಯಾಧಿಯ ಸಂಭವ ಸ್ವಲ್ಪ ಹೆಚ್ಚು. ತಾಯಿಯ ವಯಸ್ಸು, ಅವಳಿ ಗರ್ಭ, ಬೇರೊಬ್ಬಳ ಅಂಡದ ಬಳಕೆ ಇವು ಕೆಲವು ಕಾರಣಗಳು. ಶೀತಲೀಕರಿಸಿಟ್ಟ ಭ್ರೂಣವನ್ನು ಹಾರ್ಮೋನು ಔಷಧಗಳಿಂದ ಸಿದ್ಧಪಡಿಸಿದ ಗರ್ಭಕೋಶದಲ್ಲಿಟ್ಟಾಗ, ಅಂಡ ಬಿಡುಗಡೆಯಾದ ಮೇಲೆ ಅಂಡಾಶಯದಲ್ಲಿ ಸಹಜವಾಗಿ ಹುಟ್ಟುವ ಪೀತಪಿಂಡ ಇರುವುದಿಲ್ಲ. ಅಂಥಲ್ಲಿಯೂ ಅಪಾಯ ಹೆಚ್ಚೆಂದು ಕಂಡಿದೆ. 2021ರಲ್ಲಿ ಅಮೆರಿಕದ ರೋಗನಿರೋಧ ಕಾರ್ಯಪಡೆ ಈ ಚಿಕಿತ್ಸೆಯನ್ನು ಮಧ್ಯಮ ಅಪಾಯದ ಅಂಶಗಳಲ್ಲಿ ಸೇರಿಸಿತು. ಚೊಚ್ಚಲ ಬಸಿರೂ ಅದೇ ಪಟ್ಟಿಯಲ್ಲಿದೆ. ಇಂಥ ಎರಡು ಅಂಶಗಳು ಕೂಡಿದರೆ 12 ವಾರಗಳ ಬಳಿಕ, ಸಾಧ್ಯವಾದಷ್ಟೂ 16 ವಾರದೊಳಗೆ, ಮಾತ್ರೆಯನ್ನು ಆರಂಭಿಸಬೇಕೆಂದು ಅದರ ಸಲಹೆ. ಹಿಂದಿನ ಬಸಿರಿನಲ್ಲಿ ಈ ವ್ಯಾಧಿ ಬಂದಿದ್ದರೆ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ಕಾಯಿಲೆ ಅಥವಾ ಮೊದಲಿನಿಂದಲೂ ರಕ್ತದೊತ್ತಡ ಇದ್ದರೆ, ಆ ಒಂದೇ ಕಾರಣ ಸಾಕು.

ನಮ್ಮ ವಿದ್ಯಾರ್ಥಿನಿಯಲ್ಲಿ ಚಿಕಿತ್ಸೆ ಮತ್ತು ಚೊಚ್ಚಲ ಎಂಬ ಎರಡೂ ಕೂಡಿದ್ದವು. ಆದುದರಿಂದ ನಿಲ್ಲಿಸಿದ ವೈದ್ಯರಿಗೂ ಮತ್ತೆ ತೊಡಗಿಸಿದ ವೈದ್ಯರಿಗೂ ವಿರೋಧವಿರಲಿಲ್ಲ, ಪ್ರಶ್ನೆ ಬದಲಾಗಿತ್ತು. ಇದನ್ನೇ ಆಕೆಗೆ ಬರೆದು ತಿಳಿಸಿದೆವು. ಜೊತೆಗೆ ಎರಡು ಎಚ್ಚರಿಕೆಗಳನ್ನೂ ಸೇರಿಸಿದೆವು. ಮೊದಲನೆಯದು, ಸಣ್ಣ ಮಾತ್ರೆ ಒಳ್ಳೆಯದೆಂದು ನೋವಿನ ದೊಡ್ಡ ಮಾತ್ರೆಯನ್ನು ನುಂಗಬಾರದು. ಬಸಿರಿನ ಕೊನೆಯ ತಿಂಗಳುಗಳಲ್ಲಿ ಹೆಚ್ಚು ಪ್ರಮಾಣದ ಆಸ್ಪಿರಿನ್ ಶಿಶುವಿನ ಹೃದಯದ ಬಳಿಯ ರಕ್ತನಾಳವೊಂದನ್ನು ಅಕಾಲದಲ್ಲಿ ಮುಚ್ಚಿಬಿಡಬಹುದು. ಹೊಟ್ಟೆಹುಣ್ಣು, ರಕ್ತಸ್ರಾವದ ತೊಂದರೆ, ಆಸ್ಪಿರಿನ್ ಒಗ್ಗದಿರುವುದು ಇದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು. ಎರಡನೆಯದು, ಮಾತ್ರೆ ಇದೆಯೆಂದು ರಕ್ತದೊತ್ತಡದ ತಪಾಸಣೆಯನ್ನು ತಪ್ಪಿಸಬಾರದು. ತೀವ್ರವಾದ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು, ಮುಖ ಕೈಗಳಲ್ಲಿ ಹಠಾತ್ತಾಗಿ ಬಾವು—ಇವುಗಳಲ್ಲಿ ಯಾವುದು ಕಂಡರೂ, ರಾತ್ರಿಯಾಗಿದ್ದರೂ, ಆಸ್ಪತ್ರೆಗೆ ಹೋಗಬೇಕು.