ಸೋಂಕಿನ ಮಾತ್ರೆಗೂ ಮನಸ್ಸಿನ ಮಾತ್ರೆಗೂ ಜಗಳವಾದಾಗ



ಬೇಸಿಗೆ ಬಂತೆಂದರೆ ಫ್ರೀಮಾಂಟಿನ ಲೇಕ್ ಎಲಿಜಬೆತ್ ಸುತ್ತ ಬೆಳಗಿನ ಹೊತ್ತು ಕನ್ನಡ ಕಿವಿಗೆ ಬೀಳತೊಡಗುತ್ತದೆ. ಊರಿನಿಂದ ಬಂದ ಅಪ್ಪ-ಅಮ್ಮ, ಅತ್ತೆ-ಮಾವ ಚಟ್ನಿಪುಡಿ, ಹಪ್ಪಳದ ಜೊತೆಗೆ ಆರು ತಿಂಗಳಿಗಾಗುವಷ್ಟು ಮಾತ್ರೆಯನ್ನೂ ಕಟ್ಟಿಕೊಂಡು ಬಂದಿರುತ್ತಾರೆ. ಬಿಪಿ, ಶುಗರ್ ಮಾತ್ರೆಗಳ ಲೆಕ್ಕ ಮನೆಮಂದಿಗೆಲ್ಲ ಗೊತ್ತು. ಕೆಲವರ ಚೀಲದಲ್ಲಿ ಮಾತ್ರ ಇನ್ನೊಂದು ಮಾತ್ರೆ ಇರುತ್ತದೆ. ಮನೆಯಲ್ಲಿ ಅದಕ್ಕೆ "ನಿದ್ದೆ ಮಾತ್ರೆ" ಅಂತಲೋ "ನರದ ಮಾತ್ರೆ" ಅಂತಲೋ ಹೆಸರು. ನಿಜವಾಗಿ ಅದು ಮನೋವೈದ್ಯರು ಬರೆದುಕೊಟ್ಟ ಕ್ಲೋಜಪಿನ್, ಒಲಾಂಜಪಿನ್, ಕ್ವೆಟಿಯಪಿನ್ ಅಥವಾ ಹ್ಯಾಲೊಪೆರಿಡಾಲ್ ಆಗಿರಬಹುದು. ಇದರ ಜೊತೆಗೆ ಒಂದು ಆಂಟಿಬಯೋಟಿಕ್ ಸೇರಿದರೆ ಏನಾಗುತ್ತದೆ ಎಂಬುದೇ ಈ ಸಂಚಿಕೆಯ ಪಾಠ.

ಊರಿನ ಕೆರೆಯೊಂದನ್ನು ನೆನಪಿಸಿಕೊಳ್ಳಿ. ದಿನವೂ ಒಂದಿಷ್ಟು ನೀರು ಬರುತ್ತದೆ, ತೂಬಿನಿಂದ ಅಷ್ಟೇ ನೀರು ಹೋಗುತ್ತದೆ, ಮಟ್ಟ ಹಾಗೇ ನಿಲ್ಲುತ್ತದೆ. ನಾವು ನುಂಗುವ ಮಾತ್ರೆ ಒಳಬರುವ ನೀರು. ಯಕೃತ್ತಿನ ಕಿಣ್ವಗಳು ತೂಬು. ಮನೋವೈದ್ಯರು ತಿಂಗಳುಗಟ್ಟಲೆ ನೋಡಿ ಪ್ರಮಾಣ ಗೊತ್ತುಮಾಡುವುದು ಈ ಮಟ್ಟಕ್ಕಾಗಿಯೇ. ಕೆಲವು ಆಂಟಿಬಯೋಟಿಕ್‌ಗಳು ತೂಬನ್ನು ಮುಚ್ಚಿಬಿಡುತ್ತವೆ, ಕೆರೆ ಕೋಡಿ ಬೀಳುತ್ತದೆ. ಇನ್ನು ಕೆಲವು ತೂಬನ್ನು ಪೂರ್ತಿ ತೆಗೆದುಬಿಡುತ್ತವೆ, ಕೆರೆ ಒಣಗುತ್ತದೆ. ನುಂಗುವ ಮಾತ್ರೆಯ ಪ್ರಮಾಣ ಮಾತ್ರ ಎರಡು ಸಂದರ್ಭದಲ್ಲೂ ನಿನ್ನೆಯಷ್ಟೇ!

ತೂಬು ಮುಚ್ಚುವವರಲ್ಲಿ ನಮ್ಮವರಿಗೆ ತುಂಬಾ ಪರಿಚಿತವಾದದ್ದು ಸಿಪ್ರೊಫ್ಲಾಕ್ಸಸಿನ್. ಊರಲ್ಲಿ ಸಿಪ್ಲಾಕ್ಸ್ ಎಂದರೆ ಯಾರಿಗೆ ಗೊತ್ತಿಲ್ಲ? ಭೇದಿಗೆ, ಉರಿಮೂತ್ರಕ್ಕೆ "ಇರಲಿ" ಅಂತ ಒಂದು ಪಟ್ಟಿ ಚೀಲದಲ್ಲಿ ಇದ್ದೇ ಇರುತ್ತದೆ. ಇದು ಸಿವೈಪಿ 1ಎ2 ಎಂಬ ಕಿಣ್ವವನ್ನು ತಡೆಯುತ್ತದೆ. ಕ್ಲೋಜಪಿನ್ ಮುಖ್ಯವಾಗಿ ಹೊರಹೋಗುವುದು ಅದೇ ದಾರಿಯಲ್ಲಿ, ಒಲಾಂಜಪಿನ್ ಕೂಡ ಬಹುಪಾಲು ಹಾಗೆಯೇ. ಅಮೆರಿಕದಲ್ಲಿ ಕ್ಲೋಜಪಿನ್ ಜೊತೆ ಬರುವ ಅಧಿಕೃತ ಮಾಹಿತಿಯಲ್ಲಿ, ಸಿಪ್ರೊಫ್ಲಾಕ್ಸಸಿನ್ ಕೊಡಲೇಬೇಕಾದರೆ ಕ್ಲೋಜಪಿನ್ ಪ್ರಮಾಣವನ್ನು ಮೂರನೇ ಒಂದು ಭಾಗಕ್ಕೆ ಇಳಿಸಿ ಎಂದಿದೆ. ಅಂದರೆ 300 ಮಿಲಿಗ್ರಾಂ ತೆಗೆದುಕೊಳ್ಳುವವರಿಗೆ 100 ಸಾಕು. ಇಳಿಸದಿದ್ದರೆ ವಿಪರೀತ ಮಂಪರು, ಜೊಲ್ಲು, ಎದ್ದು ನಿಂತರೆ ತಲೆಸುತ್ತು, ಗೊಂದಲ, ಕೊನೆಗೆ ಫಿಟ್ಸ್ ಕೂಡ ಬರಬಹುದು. ಇದರಿಂದ ಸಾವು ಸಂಭವಿಸಿದ ವರದಿಗಳೂ ವೈದ್ಯಕೀಯ ಸಾಹಿತ್ಯದಲ್ಲಿವೆ. ಮನೆಯವರು "ಪಾಪ, ಜ್ವರ ಬಂದಿದೆಯಲ್ಲ, ಮಲಗಿರಲಿ" ಎಂದುಕೊಳ್ಳುತ್ತಾರೆ. ಅಪಾಯ ಇರುವುದೇ ಅಲ್ಲಿ.

ಈ ತೂಬಿಗೆ ಇನ್ನೂ ಮೂರು ನಂಟುಗಳಿವೆ. ಮೊದಲನೆಯದು ಬೀಡಿ-ಸಿಗರೇಟು. ಹೊಗೆಯಲ್ಲಿರುವ ರಾಸಾಯನಿಕಗಳು (ನಿಕೋಟಿನ್ ಅಲ್ಲ) ಈ ಕಿಣ್ವವನ್ನು ಹೆಚ್ಚಿಸುತ್ತವೆ. ಊರಲ್ಲಿ ದಿನಕ್ಕೊಂದು ಕಟ್ಟು ಬೀಡಿ ಸೇದುತ್ತಿದ್ದ ಮಾವ ಮಗಳ ಮನೆಗೆ ಬಂದು, ಮೊಮ್ಮಕ್ಕಳ ಎದುರು ಸೇದಬಾರದೆಂದು ಒಮ್ಮೆಲೇ ಬಿಟ್ಟರು ಅಂದುಕೊಳ್ಳಿ. ಒಳ್ಳೆಯದೇ. ಆದರೆ ಒಂದೆರಡು ವಾರದೊಳಗೆ ಅವರ ಕ್ಲೋಜಪಿನ್ ಮಟ್ಟ ಏರುತ್ತದೆ. ಎರಡನೆಯದು ಸೋಂಕು: ನ್ಯುಮೋನಿಯಾದಂಥ ಜೋರು ಸೋಂಕು ತಾನೇ ಈ ಕಿಣ್ವವನ್ನು ಕುಗ್ಗಿಸುತ್ತದೆ. ಮೂರನೆಯದು ನಮ್ಮ ಫಿಲ್ಟರ್ ಕಾಫಿ! ಕೆಫೀನ್ ಕೂಡ ಇದೇ ತೂಬಿನಲ್ಲಿ ಹೋಗಬೇಕು, ಹಾಗಾಗಿ ದಿನಕ್ಕೆ ಆರೇಳು ಲೋಟ ಕುಡಿಯುವವರ ಲೆಕ್ಕವೇ ಬೇರೆ. ಬೀಡಿ ಬಿಟ್ಟ, ಜ್ವರ ಬಂದ, ಸಿಪ್ಲಾಕ್ಸ್ ನುಂಗಿದ ಮಾವನಿಗೆ ಎಲ್ಲವೂ ಒಂದೇ ವಾರದಲ್ಲಿ ಕೂಡಿಬರುವುದು ಅಪರೂಪವೇನಲ್ಲ.

ಕ್ಲೋಜಪಿನ್ ಬಗ್ಗೆ ಇನ್ನೊಂದು ಮಾತು. ಅದು ಅಪರೂಪಕ್ಕೆ ಬಿಳಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆ. 1975ರಲ್ಲಿ ಫಿನ್ಲೆಂಡಿನಲ್ಲಿ ಇದರಿಂದ ಸಾವುಗಳಾದ ಮೇಲೆ ಔಷಧ ಹಿಂದೆ ಸರಿದು, ರಕ್ತಪರೀಕ್ಷೆಯ ಕಟ್ಟುಪಾಡಿನೊಂದಿಗೆ 1989ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಆದ್ದರಿಂದ ಇದನ್ನು ತೆಗೆದುಕೊಳ್ಳುವವರಿಗೆ ಜ್ವರ, ಗಂಟಲುನೋವು ಬಂದರೆ ಮೊದಲು ಆಗಬೇಕಾದದ್ದು ರಕ್ತಕಣಗಳ ಎಣಿಕೆ. ಸಲ್ಫಾ ಸೇರಿದ ಸೆಪ್ಟ್ರಾನ್, ಬ್ಯಾಕ್ಟ್ರಿಮ್ ತಾವೇ ಆ ಕಣಗಳನ್ನು ಇಳಿಸಬಲ್ಲವು. ಇವೆರಡರ ಜೋಡಿ ಬೇಡ.

ಇನ್ನೊಂದು ತೂಬು ಸಿವೈಪಿ 3ಎ4. ಎರಿಥ್ರೊಮೈಸಿನ್, ಕ್ಲಾರಿಥ್ರೊಮೈಸಿನ್ ಮುಚ್ಚುವುದು ಇದನ್ನು. ಪ್ರಬಲ ತಡೆಯ ಔಷಧದೊಂದಿಗೆ ಕ್ವೆಟಿಯಪಿನ್ ಪ್ರಮಾಣವನ್ನು ಆರನೇ ಒಂದು ಭಾಗಕ್ಕೆ ಇಳಿಸಬೇಕೆಂಬ ಸೂಚನೆಯಿದೆ. (ನಮ್ಮ ದೇವನಹಳ್ಳಿ ಚಕ್ಕೋತದ ನೆಂಟ ಗ್ರೇಪ್‌ಫ್ರೂಟ್ ಕೂಡ ಕರುಳಿನಲ್ಲಿ ಈ ಕಿಣ್ವವನ್ನು ತಡೆಯುತ್ತದೆ.) "ಮೈಮೇಲೆ ಹುಳ ಹರಿಯುತ್ತಿದೆ" ಎಂಬ ಭ್ರಮೆಗೆ ಊರಿನ ಚರ್ಮವೈದ್ಯರೂ ಪಿಮೊಜೈಡ್ ಬರೆಯುವುದುಂಟು. ಪಿಮೊಜೈಡ್ ಮತ್ತು ಕ್ಲಾರಿಥ್ರೊಮೈಸಿನ್ ಜೋಡಿ ಸಂಪೂರ್ಣ ನಿಷಿದ್ಧ, ಹಠಾತ್ ಸಾವುಗಳಾಗಿವೆ. ಕಾರಣ ಹೃದಯದಲ್ಲಿದೆ: ಈಸಿಜಿಯಲ್ಲಿ ಕ್ಯೂಟಿ ಅಂತರ ಉದ್ದವಾಗಿ ಬಡಿತದ ತಾಳ ತಪ್ಪುತ್ತದೆ. ಹ್ಯಾಲೊಪೆರಿಡಾಲ್, ಜಿಪ್ರಾಸಿಡೋನ್ ಜೊತೆ ಮಾಕ್ಸಿಫ್ಲಾಕ್ಸಸಿನ್, ಅಜಿಥ್ರೊಮೈಸಿನ್ ಸೇರಿದಾಗಲೂ ಇದೇ ಚಿಂತೆ. ಭೇದಿಯಿಂದ ಪೊಟ್ಯಾಸಿಯಂ ಇಳಿದಿದ್ದರೆ ಚಿಂತೆ ಇನ್ನೂ ಹೆಚ್ಚು.

ಈಗ ತೂಬು ತೆರೆಯುವವನು: ರಿಫಾಂಪಿಸಿನ್. ಇಲ್ಲಿ ಇದಕ್ಕೆ ರಿಫಾಂಪಿನ್ ಎಂದು ಹೆಸರು. ಇದು ಕ್ಷಯಕ್ಕೆ ಕೊಡುವ ಔಷಧ, ನಮಗೆ ಸಂಬಂಧವಿಲ್ಲ ಎನ್ನಬೇಡಿ. ಗ್ರೀನ್ ಕಾರ್ಡ್ ವೈದ್ಯಕೀಯ ತಪಾಸಣೆಯ ರಕ್ತಪರೀಕ್ಷೆಯಲ್ಲಿ "ಸುಪ್ತ ಕ್ಷಯ" ಎಂದು ಬರುವುದು ಭಾರತದಿಂದ ಬಂದವರಲ್ಲಿ ಸಾಮಾನ್ಯ. ಅದಕ್ಕೆ ನಾಲ್ಕು ತಿಂಗಳ ರಿಫಾಂಪಿನ್ ಕೊಡುವುದೂ ಅಷ್ಟೇ ಸಾಮಾನ್ಯ. ಮೂತ್ರ ಕಿತ್ತಳೆ ಬಣ್ಣವಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಹ್ಯಾಲೊಪೆರಿಡಾಲ್ ತೆಗೆದುಕೊಳ್ಳುತ್ತಿದ್ದ 12 ಮಂದಿಗೆ ಇದನ್ನು ಕೊಟ್ಟಾಗ ರಕ್ತದಲ್ಲಿ ಹ್ಯಾಲೊಪೆರಿಡಾಲ್ ಸರಾಸರಿ ಶೇಕಡಾ 70ರಷ್ಟು ಇಳಿಯಿತು ಎಂಬುದನ್ನು ಹೇಳುವವರು ಕಡಿಮೆ. ಕ್ವೆಟಿಯಪಿನ್, ಅರಿಪಿಪ್ರಜೋಲ್, ರಿಸ್ಪೆರಿಡೋನ್, ಕ್ಲೋಜಪಿನ್‌ಗೂ ಇದೇ ಗತಿ. ಹತ್ತು ವರ್ಷ ಚೆನ್ನಾಗಿದ್ದವರಿಗೆ ಮತ್ತೆ ಕಿವಿಯಲ್ಲಿ ದನಿ ಕೇಳತೊಡಗಿದರೆ ಮನೆಯವರು ಮಾತ್ರೆ ಬಿಟ್ಟಿರಬೇಕೆಂದು ಬೈಯುತ್ತಾರೆ. ಪಾಪ, ಅವರು ಒಂದು ಹೊತ್ತೂ ತಪ್ಪಿಸಿರುವುದಿಲ್ಲ. ಪ್ರಮಾಣ ಏರಿಸಿದ್ದರೆ ಅದಕ್ಕೂ ಎರಡನೇ ಕಂತಿದೆ: ರಿಫಾಂಪಿನ್ ನಿಂತ ಸುಮಾರು ಎರಡು ವಾರದಲ್ಲಿ ತೂಬು ಹಳೆಯ ಸ್ಥಿತಿಗೆ ಮರಳುತ್ತದೆ, ಏರಿಸಿದ್ದನ್ನು ಇಳಿಸದಿದ್ದರೆ ಆಗ ವಿಷವಾಗುತ್ತದೆ. ಮನೋವೈದ್ಯರಿಗೆ ಶುರುವಿನಲ್ಲೂ ಹೇಳಬೇಕು, ಮುಗಿದಾಗಲೂ ಹೇಳಬೇಕು.

"ಇಲ್ಲಿ ಫಾರ್ಮಸಿಯ ಕಂಪ್ಯೂಟರೇ ಎಚ್ಚರಿಸುತ್ತದಲ್ಲ?" ಎಂದು ಕೇಳುವವರುಂಟು. ಎಚ್ಚರಿಸುತ್ತದೆ, ಆದರೆ ಅದರೊಳಗೆ ದಾಖಲಾದ ಔಷಧಗಳಿಗೆ ಮಾತ್ರ. ಜಯನಗರದ ಅಂಗಡಿಯಲ್ಲಿ ಕೊಂಡ ಮಾತ್ರೆ ಫ್ರೀಮಾಂಟಿನ ಕಂಪ್ಯೂಟರಿಗೆ ಹೇಗೆ ಗೊತ್ತಾದೀತು? ಕ್ಯಾಲಿಫೋರ್ನಿಯಾದಲ್ಲಿ ಹೊಸ ಔಷಧ ಕೊಡುವಾಗ ಫಾರ್ಮಸಿಸ್ಟ್ ವಿವರಿಸಬೇಕೆಂಬ ನಿಯಮವಿದೆ. ರಾಜ್ಯ ಫಾರ್ಮಸಿ ಮಂಡಳಿ ಡಬ್ಬಿಯ ಮೇಲಿನ ಸೂಚನೆಗಳನ್ನು ಚೀನೀ, ಕೊರಿಯನ್, ರಷ್ಯನ್, ಸ್ಪ್ಯಾನಿಷ್, ವಿಯೆಟ್ನಾಮೀಸ್ ಭಾಷೆಗಳಿಗೆ ಅನುವಾದಿಸಿಟ್ಟಿದೆ. ಕನ್ನಡ ಆ ಪಟ್ಟಿಯಲ್ಲಿಲ್ಲ, ಹಾಗಾಗಿ ಕೌಂಟರಿನ ಮುಂದೆ ಮಗನೋ ಸೊಸೆಯೋ ನಿಂತು ಕೇಳಬೇಕು. ಅರ್ಜೆಂಟ್ ಕೇರ್‌ನಲ್ಲಿ ನಾಚಿಕೆಯಿಂದ "ನಿದ್ದೆ ಮಾತ್ರೆ" ಎಂದುಬಿಟ್ಟರೆ ಇಷ್ಟೂ ಪಾಠ ವ್ಯರ್ಥ. ಡಾಕ್ಟರಿಗೆ ಹೇಳಿದ್ದು ಮುಂದಿನ ಯುಗಾದಿ ಊಟದ ಹೊತ್ತಿಗೆ ಕನ್ನಡ ಕೂಟಕ್ಕೆಲ್ಲ ಹಬ್ಬುವುದಿಲ್ಲ. ಗೌಪ್ಯತೆಗೆ ಇಲ್ಲಿ ಕಾನೂನಿದೆ.

ದಾರಿ ಬೇಕಾದಷ್ಟಿದೆ. ಅಮಾಕ್ಸಿಸಿಲಿನ್, ಸೆಫಲೆಕ್ಸಿನ್ ಈ ತೂಬುಗಳ ತಂಟೆಗೆ ಹೋಗುವುದಿಲ್ಲ. ಸೋಂಕಿಗೆ ಹೊಂದಿದರೆ ವೈದ್ಯರು ಅಂಥದನ್ನೇ ಆರಿಸಬಹುದು. ಸಿಪ್ರೊಫ್ಲಾಕ್ಸಸಿನ್ನೇ ಬೇಕಾದರೆ ಕ್ಲೋಜಪಿನ್ ಇಳಿಸಿ, ರಕ್ತದ ಮಟ್ಟ ನೋಡಿ ಕೊಡಬಹುದು. ಭಯಪಟ್ಟು ಮನಸ್ಸಿನ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಅದೂ ಅಷ್ಟೇ ಅಪಾಯ. ಸಂದೇಹವಿದ್ದರೆ ಪಾಯ್ಸನ್ ಕಂಟ್ರೋಲ್ 1-800-222-1222 ಹಗಲು ರಾತ್ರಿ ಉಚಿತ. ಎಚ್ಚರ ತಪ್ಪಿದರೆ, ಫಿಟ್ಸ್ ಬಂದರೆ ನೇರ 911.

ಅಪ್ಪ-ಅಮ್ಮ ವಿಮಾನ ಹತ್ತುವ ಮೊದಲೇ ಅವರ ವೈದ್ಯರಿಂದ ಒಂದು ಚೀಟಿ ಬರೆಸಿಕೊಳ್ಳಿ. ಅದರಲ್ಲಿ ಬ್ರ್ಯಾಂಡ್ ಹೆಸರಿನ ಪಕ್ಕ ಔಷಧದ ಮೂಲ ಹೆಸರು, ಮಿಲಿಗ್ರಾಂ, ಎಷ್ಟು ಹೊತ್ತು ಎಂಬುದಿರಲಿ, ಬೀಡಿ ಮತ್ತು ಕಾಫಿಯ ಲೆಕ್ಕವೂ ಇರಲಿ. ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಳ್ಳಲು ಹೇಳಿ.